ದರ್ಜಿಯ ಸ್ವಂತ ಡಬ್ಬಿ

ನೀವು ನಂಬುವುದಿಲ್ಲ, ನನಗೆ ಗೊತ್ತು. ನಂಬದಿದ್ದರೆ ಬಿಡಿ. ನಮಗೆ ಕುಸ್ತಿ ಕಲಿಸುವ ಮೌಲಾಸಾಬ ವಸ್ತಾದರ ಎದುರು ಎದೆ ಸೆಟೆಸಿ ನಿಂತು ಪ್ರಶ್ನೆ ಕೇಳಿದ ಪೈಲ್ವಾನ ಈ ಜಿಲ್ಲೆಯಲ್ಲಿ ನಾನೊಬ್ಬನೇ. ಉಳಿದವರು ಅವರ ಕೆಮ್ಮು ಕೇಳಿದರೆ ಸಾಕು, ಯಾರೂ ಹೇಳದಿದ್ದರೂ ಮತ್ತೆ ಬೈಠಕ್ ಹೊಡೆಯತೊಡಗುತ್ತಾರೆ. ನಾನು ಕೇಳಿದೆ. ಅದೂ ಕುಸ್ತಿಯ ಪಟ್ಟಿನ ಬಗ್ಗೆ ಅಲ್ಲ.

“ವಸ್ತಾದರ, ಟಿವಿಗೆ ಕೇಬಲ್ ಡಬ್ಬಿ ಬಾಡಿಗಿದು ಚಲೋನೋ, ಸ್ವಂತದ್ದು ಚಲೋನೋ?”

ಕೇಳಲು ಕಾರಣವಿತ್ತು. ತಾಲೀಮಿನ, ಅಂದರೆ ನಮ್ಮ ಗರಡಿಮನೆಯ, ಹಿಂದಿನ ಖೋಲಿಯಲ್ಲಿ ನಾನು ಮತ್ತು ಲಗಮಣ್ಣ ಇಬ್ಬರೇ ಇದ್ದೆವು. ಲಗಮಣ್ಣ ನನ್ನ ಜೋಡಿ. ದಿನವೂ ನಾನು ಅವನನ್ನು ಕೆಡವುತ್ತೇನೆ, ಅವನು ಮಣ್ಣು ಕೊಡವಿಕೊಂಡು ಏಳುತ್ತಾನೆ. ಖೋಲಿಯ ಟಿವಿಗೆ ಇದ್ದದ್ದು ಬಾಡಿಗೆಯ ಡಬ್ಬಿ. ಹಿರಿಯನೆಂದು ರಿಮೋಟು ಲಗಮಣ್ಣನ ಕೈಯಲ್ಲಿ. ಅವನು ಹಚ್ಚಿದ್ದನ್ನು ನಾನು ನೋಡಬೇಕು. ಕಣದಲ್ಲಿ ಗೆದ್ದವನು ಖೋಲಿಗೆ ಬಂದು ಸೋಲುವುದೆಂದರೆ ಏನು? ಆ ವಾರ ನಾನು ಪಕ್ಕದ ತಾಲ್ಲೂಕಿನಲ್ಲಿ ಒಂದು ಟಿವಿ ಬಹುಮಾನ ಗೆದ್ದಿದ್ದೆ. ಬಸ್ಸಿನವನು ಅದನ್ನು ಏರಿಸಿಕೊಳ್ಳುವುದಿಲ್ಲ ಎಂದ. ಹೆಗಲ ಮೇಲೆ ಹೊತ್ತುಕೊಂಡೇ ಬಂದೆ. ದಾರಿಯಲ್ಲಿ ಒಮ್ಮೆಯೂ ಇಳಿಸಲಿಲ್ಲ. ಪೇಟೆಯಲ್ಲಿ ಬೇರೆ ಖೋಲಿಯನ್ನೂ ನೋಡಿಟ್ಟಿದ್ದೆ. ಇನ್ನು ಬೇಕಾದದ್ದು ಒಂದು ಡಬ್ಬಿ, ಮತ್ತೆ ವಸ್ತಾದರ ಅಪ್ಪಣೆ.

ವಸ್ತಾದರು ಕುಸ್ತಿಯ ಕಣದ ಮಣ್ಣು ಹದವಾಗಲೆಂದು ಮಜ್ಜಿಗೆ ಸುರಿದು ಕಾಲಿನಿಂದ ತುಳಿಯುತ್ತಿದ್ದರು. ನಿಲ್ಲಿಸಲಿಲ್ಲ.

“ಬ್ಯಾರೆ ಖೋಲಿ ಹಿಡದೀಯೇನೋ ಸಿದರಾಯಾ?”

“ಹೌದ್ರಿ. ನನ್ನ ಟಿವಿ, ನನ್ನ ಡಬ್ಬಿ, ನನ್ನ ಕೈಯಾಗ ರಿಮೋಟು. ಗಂಡಸು ಅಂದಮ್ಯಾಲ ಇನ್ನೊಬ್ಬಂವ ಹಚ್ಚಿದ್ದು ನೋಡ್ಕೋತ ಕುಂಡ್ರೂದು ಏನ್ ಚಂದ್ರಿ?”

“ನೀ ಇಳಿ. ನನ್ನ ಕಾಲು ಸೋತಾವು,” ಎಂದರು.

ನಾನು ಕಣಕ್ಕಿಳಿದು ಮಣ್ಣು ತುಳಿಯತೊಡಗಿದೆ. ಅವರು ಕಟ್ಟೆಯ ಮೇಲೆ ಕುಳಿತು ಈ ಕತೆ ಹೇಳಿದರು. ಇದರಲ್ಲಿ ನನ್ನದೇನನ್ನೂ ಸೇರಿಸಿಲ್ಲ. ಸೇರಿಸಿದ್ದರೆ ಕತೆ ಇನ್ನೂ ಚೆನ್ನಾಗಿರುತ್ತಿತ್ತು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಒಂದೇ ಕೋಣೆಯ ಮನೆ. ಅದರಲ್ಲೇ ಹೊಲಿಗೆ, ಅದರಲ್ಲೇ ಊಟ, ಅದರಲ್ಲೇ ನಿದ್ದೆ. ಅವನ ಗೋಡೆಗೆ ತಾಗಿ ಇನ್ನೊಂದು ಮನೆ. ಅಲ್ಲಿ ರೊಟ್ಟಿ ಬಡಿದು ಮಾರುವ ಒಬ್ಬ ಮುದುಕಿ. ಅವಳೂ ಒಬ್ಬಳೇ. ಗೋಡೆ ತೆಳುವಾಗಿತ್ತು. ಇವನ ಮಶೀನಿನ ಸದ್ದು ಅವಳಿಗೆ ಕೇಳುತ್ತಿತ್ತು. ಅವಳು ರೊಟ್ಟಿ ಬಡಿಯುವ ಸದ್ದು ಇವನಿಗೆ ಕೇಳುತ್ತಿತ್ತು.

ದರ್ಜಿ ಒಂದು ಹಳೆಯ ಟಿವಿ ತಂದ. ಮುದುಕಿಯ ಮನೆಯಲ್ಲಿ ಮೊದಲೇ ಟಿವಿ ಇತ್ತು. ಕೇಬಲಿನವನು ಬಾಡಿಗೆಗೆ ಇಟ್ಟುಹೋದ ಡಬ್ಬಿಯೂ ಇತ್ತು. ದರ್ಜಿಯ ಟಿವಿ ಕಪ್ಪಗೆ ಕುಳಿತಿರುವುದನ್ನು ಮುದುಕಿ ಬಾಗಿಲಿನಲ್ಲಿ ನಿಂತು ನೋಡಿದಳು.

“ಎರಡು ಮನಿಗೆ ಎರಡು ಡಬ್ಬಿ ಯಾಕ ತಮ್ಮಾ? ನನ್ನ ಡಬ್ಬಿಯಿಂದ ಒಂದು ವಾಯರ್ ಎಳಕೋ.”

ಆ ಓಣಿಯಲ್ಲಿ ಹಾಗೆ ಮಾಡುವುದು ವಾಡಿಕೆ. ಗೋಡೆಯಲ್ಲಿ ಬೆರಳು ಹೋಗುವಷ್ಟು ತೂತು ಕೊರೆದರು. ವಾಯರು ಈಚೆ ಬಂತು. ದರ್ಜಿಯ ಟಿವಿಯಲ್ಲಿ ಚಿತ್ರ ಮೂಡಿತು. ಆದರೆ ಡಬ್ಬಿ ಒಂದೇ. ಮುದುಕಿ ಯಾವ ಚಾನೆಲ್ ಹಚ್ಚಿದರೂ ಎರಡೂ ಮನೆಯಲ್ಲಿ ಅದೇ ಬರುತ್ತಿತ್ತು.

ದರ್ಜಿಗೆ ಕುಸ್ತಿ ಎಂದರೆ ಪ್ರಾಣ. ಸಂಜೆ ಟಿವಿಯಲ್ಲಿ ಕುಸ್ತಿ ಬಂದರೆ ಅವನ ಕಾಲು ಮಶೀನಿನ ಮೇಲೆ ನಿಂತುಬಿಡುತ್ತಿತ್ತು. ಬಟ್ಟೆ ಸೂಜಿಯ ಕೆಳಗೆ ಹಾಗೇ ಉಳಿಯುತ್ತಿತ್ತು. ಅವನು ಉಸಿರು ಹಿಡಿದು ಕೂರುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ, ಒಬ್ಬ ಇನ್ನೊಬ್ಬನ ಟೊಂಕಕ್ಕೆ ಕೈ ಹಾಕಿದ ಹೊತ್ತಿಗೆ, ಕುಸ್ತಿ ಹೋಗಿ ಭಜನೆ ಬರುತ್ತಿತ್ತು. ಇಲ್ಲವೇ ಯಾರೋ ಬದನೆಕಾಯಿ ಹೆಚ್ಚುತ್ತಿರುತ್ತಿದ್ದರು. ದರ್ಜಿ ಹಲ್ಲು ಕಡಿದು ಮತ್ತೆ ಮಶೀನು ತುಳಿಯುತ್ತಿದ್ದ. ಭಜನೆ ಮಾತ್ರ ಮುಗಿಯುವವರೆಗೂ ಅಲ್ಲಾಡುತ್ತಿರಲಿಲ್ಲ.

ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ದರ್ಜಿ ಹೇಳಲಿಲ್ಲ. ಚಾನೆಲ್ ಬದಲಿಸೆಂದು ರೊಟ್ಟಿ ಮಾರುವವಳನ್ನು ಬೇಡುವುದೇ? ಅವನ ಪಾಲಿಗೆ ಅದು ಸೋತ ಹಾಗೆ. ಬೆಳಿಗ್ಗೆ ರೊಟ್ಟಿಯ ಬುಟ್ಟಿ ಹೊತ್ತು ಹೊರಟ ಮುದುಕಿಗೆ ಒಮ್ಮೆ ಕೊಂಕು ಆಡಿದ.

“ನಿನ್ನಿ ಭಜನಿ ಭಾಳ ಚಂದಿತ್ತು ನೋಡವ್ವಾ.”

“ಹೌದಾ? ಅದನ್ನ ಹಚ್ಚತೀನಿ ತಗೋ,” ಎಂದು ಮುದುಕಿ ಖುಷಿಯಿಂದ ಹೋದಳು.

ಇಲ್ಲಿ ನಾನು ತಡೆಯಲಾರದೆ ಬಾಯಿ ಹಾಕಿದೆ. “ನಾನಾದ್ರ ಕೊಂಕು ಗಿಂಕು ಆಡ್ತಿದ್ದಿಲ್ರಿ. ಗ್ವಾಡೀನ ಒದ್ದು ಕೆಡವತಿದ್ದೆ.”

“ಕೆಡವೂದು ಬಿಟ್ಟು ನಿನಗ ಬ್ಯಾರೆ ಏನ್ ಬರತೈತಿ? ತುಳಿ,” ಎಂದು ವಸ್ತಾದರು ಮುಂದುವರಿಸಿದರು.

ಒಂದು ದಿನ ದೊಡ್ಡ ಕುಸ್ತಿ ಇತ್ತು. ದರ್ಜಿ ಬಹಳ ದಿನದಿಂದ ಕಾದಿದ್ದ. ಇಬ್ಬರು ಪೈಲ್ವಾನರು ಕೈ ಮಿಲಾಯಿಸಿದರು. ಮಶೀನು ನಿಂತಿತು. ಚಾನೆಲ್ ಹೋಯಿತು. ದರ್ಜಿ ಎದ್ದ. ಕತ್ತರಿ ತೆಗೆದುಕೊಂಡು ಗೋಡೆಯ ಬಳಿ ಹೋಗಿ ವಾಯರನ್ನು ಕತ್ತರಿಸಿದ. ಮರುದಿನ ಪೇಟೆಗೆ ಹೋಗಿ ಸ್ವಂತ ಡಬ್ಬಿ ತಂದ.

ಜೋಡಿಸಲು ಕೇಬಲಿನವನು ಬಂದ. ಹೊಸ ಡಬ್ಬಿಯನ್ನು ತಿರುಗಿಸಿ ನೋಡಿದ.

“ನನಗ ಒಂದು ಮಾತು ಹೇಳಿದ್ರ ಬಾಡಿಗಿದು ತಂದು ಹಚ್ಚತಿದ್ನೆಲ್ರೀ ಟೇಲರ್? ಬ್ಯಾಡಾದ ದಿನ ಬಂದು ಒಯ್ತಿದ್ದೆ. ಇದನ್ನ ಯಾರೂ ತಿರುಗಿ ತಗೊಳ್ಳೂದಿಲ್ಲ ನೋಡ್ರಿ.”

“ತಿರುಗಿ ಕೊಡಾಂವ ಯಾರು?” ಎಂದ ದರ್ಜಿ. “ನಂದು ಅಂದ್ರ ನಂದು.”

ಕೇಬಲಿನವನು ಹೋದ ಮೇಲೆ ದರ್ಜಿ ಒಂದು ಹಿಡಿ ಸಿಮೆಂಟು ಕಲಸಿದ. ಗೋಡೆಯ ತೂತನ್ನು ಮುಚ್ಚಿದ. ಹೆಬ್ಬೆರಳಿನಿಂದ ಸವರಿ ನುಣುಪು ಮಾಡಿದ. ಮುದುಕಿ ಬಾಗಿಲಿಗೆ ಬಂದು, ವಾಯರು ಹರಿಯಿತೇ ಎಂದು ಕೇಳಿದಳು. ನನ್ನದೇ ಡಬ್ಬಿ ಬಂತು ಎಂದ. ಚಲೋ ಆಯಿತು ಬಿಡು ಎಂದು ಅವಳು ತನ್ನ ಒಲೆಯ ಕಡೆ ಹೋದಳು.

ಅಂದು ಸಂಜೆ ದರ್ಜಿ ಕುಸ್ತಿಯನ್ನು ಕೊನೆಯವರೆಗೂ ನೋಡಿದ. ಗೆದ್ದವನನ್ನು ಹೆಗಲ ಮೇಲೆ ಎತ್ತಿ ಕುಣಿಸುವುದನ್ನೂ ನೋಡಿದ. ಭಲೇ ಎಂದು ತೊಡೆ ತಟ್ಟಿದ. ಮರುದಿನವೂ ನೋಡಿದ, ಅದರ ಮರುದಿನವೂ ನೋಡಿದ. ಮಶೀನು ನಿಂತೇ ಇರುತ್ತಿತ್ತು. ಗಿರಾಕಿಗಳು ಬಂದು, ತೋಳಿಲ್ಲದ ಅಂಗಿಯನ್ನು ನೋಡಿ ಬೈದು ಹೋದರು. ಅವನು ಲಕ್ಷ್ಯ ಕೊಡಲಿಲ್ಲ.

ಆಮೇಲೆ ಒಂದು ಸಂಜೆ ಹೀಗಾಯಿತು. ಕುಸ್ತಿ ನಡೆದಿತ್ತು. ಒಬ್ಬ ಇನ್ನೊಬ್ಬನ ಟೊಂಕಕ್ಕೆ ಕೈ ಹಾಕಿದ. ಈಗ ಹೋಗುತ್ತದೆ ಎಂದುಕೊಂಡ ದರ್ಜಿ. ಹೋಗಲಿಲ್ಲ. ಬೈಯಲು ಅವನ ಬಾಯಿ ತೆರೆದಿತ್ತು. ಯಾರನ್ನು ಬೈಯುವುದು? ತಾನೇ ರಿಮೋಟು ಒತ್ತಿ ಭಜನೆ ಹಚ್ಚಿದ. ಸ್ವಲ್ಪ ಹೊತ್ತು ಕೇಳಿದ. ಮತ್ತೆ ಕುಸ್ತಿ ಹಚ್ಚಿದ. ಎರಡೂ ಒಂದೇ ಅನಿಸಿತು.

ಟಿವಿ ಆರಿಸಿದ. ಕೋಣೆ ಇಷ್ಟು ಸುಮ್ಮನಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೋಡೆಗೆ ಕಿವಿ ಕೊಟ್ಟ. ಆಚೆ ಟಿವಿಯ ಸದ್ದಿಲ್ಲ. ರೊಟ್ಟಿ ಬಡಿಯುವ ಸದ್ದೂ ಇಲ್ಲ. ಅದು ಯಾವ ದಿನದಿಂದ ನಿಂತಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಚಪ್ಪಲಿ ಮೆಟ್ಟದೆಯೇ ಹೊರಗೆ ಓಡಿದ.

ಮುದುಕಿ ಚೆನ್ನಾಗಿಯೇ ಇದ್ದಳು. ರೊಟ್ಟಿ ಬಡಿಯುತ್ತಿದ್ದಳು. ಒಲೆಯನ್ನು ಮಾತ್ರ ಆಚೆಯ ಗೋಡೆಗೆ ಸರಿಸಿದ್ದಳು. ಟಿವಿಯ ಮೇಲೆ ರೊಟ್ಟಿಯ ಬುಟ್ಟಿ ಇತ್ತು.

“ಒಲಿ ಯಾಕ ಆ ಕಡೆ ಒಯ್ದೀ ಅವ್ವಾ?”

“ಆಚೀ ಮನ್ಯಾಗ ಬಾಣಂತಿ ಬಂದಾಳ. ಕೂಸು ಅತ್ರ ನಾ ಇಲ್ಲಿಂದನ ಜೋಗುಳ ಹಾಡ್ತೀನಿ. ಸುಮ್ನಾಗತೈತಿ ನೋಡು, ಕಳ್ಳ.”

“ಟಿವಿ ಹಚ್ಚಿಲ್ಲಲ್ಲ?”

“ಡಬ್ಬಿ ತಿರುಗಿ ಕೊಟ್ಟೆ. ಬಾಡಿಗಿದಲ್ಲೇನು, ಬಂದು ಒಯ್ದ. ನನಗ್ಯಾಕ ಬೇಕದು? ನನ್ನ ಕಣ್ಣು ಹಂಚಿನ ಮ್ಯಾಲ ಇರತಾವು. ನಿನಗ ವಾಯರ್ ಎಳದ ಮ್ಯಾಲ ನಿನ್ನ ಸಲುವಾಗಿ ಹಚ್ಚತಿದ್ದೆ.”

“ನನ್ನ ಸಲುವಾಗಿ? ಕುಸ್ತಿ ಬಂದಾಗೊಮ್ಮೆ ಬದಲ್ ಮಾಡ್ತಿದ್ದೆಲ್ಲ!”

ಮುದುಕಿ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಅವನ ಮುಖ ನೋಡಿದಳು.

“ಬದಲ್ ಮಾಡದ ಏನ್ ಮಾಡ್ಲೋ? ನಿನ್ನ ಮಶೀನ್ ನಿಂದರತಿತ್ತು. ಪಾಪ, ಹುಡುಗಗ ಬ್ಯಾಸರಾತು ಅಂತ ಬದಲ್ ಮಾಡ್ತಿದ್ದೆ. ಮಶೀನ್ ಓಡಾಕ ಹತ್ತಿದ ಮ್ಯಾಲ ರಿಮೋಟ್ ಕೆಳಗ ಇಡ್ತಿದ್ದೆ.”

ಮುದುಕಿಯ ಮನಸ್ಸು ಹಗುರವಾಗಿದ್ದರೆ ಅವಳ ಕೈ ಓಡುತ್ತಿತ್ತು. ಎಲ್ಲರ ಕೈಯೂ ಹಾಗೆಯೇ ಎಂದು ಅವಳು ತಿಳಿದಿದ್ದಳು. ದರ್ಜಿಯ ಮನಸ್ಸು ತುಂಬಿದರೆ ಅವನ ಕಾಲು ನಿಲ್ಲುತ್ತಿತ್ತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ದರ್ಜಿ ತಾನು ಮುಚ್ಚಿದ ತೂತಿನ ಕಡೆ ನೋಡಿದ. ಕೊನೆಗೆ, ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳದವನು ಕೇಳಿದ.

“ನನ್ನ ಡಬ್ಬಿಯಿಂದ ನಿನಗೊಂದು ವಾಯರ್ ಎಳೀತೀನಿ ಅವ್ವಾ. ರಿಮೋಟ್ ನಿನ್ನ ಹತ್ರನ ಇಟ್ಕೋ. ಭಜನಿ ಹಚ್ಚು, ಏನರ ಹಚ್ಚು.”

“ಬ್ಯಾಡ ಬಿಡೋ ತಮ್ಮಾ,” ಎಂದಳು ಮುದುಕಿ. “ಟಿವಿ ಸಪ್ಪಳಕ್ಕ ಕೂಸು ಏಳತೈತಿ. ಸ್ವಂತದ್ದು ತಂದೀದಿ, ಚಲೋತ್ನಾಗ ನೋಡು.”

ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನು ಮತ್ತೊಮ್ಮೆ ಕೇಳುತ್ತಿದ್ದನೋ ಏನೋ. ಆಚೆಯ ಮನೆಯಲ್ಲಿ ಕೂಸು ಅತ್ತಿತು. ಮುದುಕಿ ಆ ಗೋಡೆಯ ಕಡೆ ತಿರುಗಿ ಹಾಡತೊಡಗಿದಳು.

ದರ್ಜಿ ಮನೆಗೆ ಬಂದ. ಕುಸ್ತಿ ಹಚ್ಚಿದ. ಮಶೀನಿನ ಮುಂದೆ ಕುಳಿತು ತುಳಿದ. ಸ್ವಲ್ಪ ದೂರ ಹೊಲಿದು, ಬೇಕೆಂದೇ ಕಾಲು ನಿಲ್ಲಿಸಿದ. ಕಾದ. ಚಾನೆಲ್ ಬದಲಾಗಲಿಲ್ಲ.

ಇಷ್ಟು ಹೇಳಿ ವಸ್ತಾದರು ಕಟ್ಟೆಯಿಂದ ಎದ್ದರು. ಮಣ್ಣು ಹದವಾಗಿದೆಯೇ ಎಂದು ಬಗ್ಗಿ ಮುಷ್ಟಿಯಲ್ಲಿ ಹಿಡಿದು ನೋಡಿದರು. ನಾನು ತುಳಿಯುವುದನ್ನು ನಿಲ್ಲಿಸಿದ್ದೆ. ಇಂಥ ಕತೆಗಳಲ್ಲಿ ಕಡೆಗೆ ಏನಾದರೂ ದೊರೆಯಬೇಕು. ಮುದುಕಿ ಮನಸ್ಸು ಬದಲಿಸಬೇಕು, ಇಲ್ಲವೇ ಗೋಡೆಯಾದರೂ ಬೀಳಬೇಕು. ನಾನು ಬಿಡುವ ಆಸಾಮಿಯಲ್ಲ.

“ಮುಂದ ಹೇಳ್ರಿ ವಸ್ತಾದರ. ಕಡೀಕ ಅಂವಗ ಏನ್ ಸಿಕ್ತು?”

ಮಾತಿನಲ್ಲಿ ನನ್ನನ್ನು ಚಿತ್ ಮಾಡಿದವನು ಏಳು ಹಳ್ಳಿಯಲ್ಲಿ ಇಲ್ಲ. ಬೇಕಾದರೆ ಲಗಮಣ್ಣನನ್ನು ಕೇಳಿ. ಆದರೆ ಅಂದು ವಸ್ತಾದರು ಒಂದೇ ಮಾತಿಗೆ ನನ್ನನ್ನು ಚಿತ್ ಮಾಡಿದರು. ಅವರು ಮುಷ್ಟಿಯ ಮಣ್ಣನ್ನು ಕೆಳಗೆ ಬಿಟ್ಟು ಹೇಳಿದರು:

“ಅಂವಗ ಬೇಕಾಗಿದ್ದೇ ಸಿಕ್ತು ಸಿದರಾಯಾ, ಅಂವ ಒಬ್ಬನೇ ನೋಡೂ ಟಿವಿ.”