ಎಡಗೈಗೆ ಒಗ್ಗುವ ಕಾಫಿ ಮಿಲ್ಲು

ಕಪಿಲೆಯ ದಂಡೆಯ ಮೇಲೆ ನಿಜಗುಣಯ್ಯನವರ ಆಶ್ರಮ. ನಾಲ್ಕು ಕೋಣೆ, ಒಂದು ಅಡುಗೆಮನೆ, ನೀರಿಗಿಳಿಯಲು ಕೆಲವು ಮೆಟ್ಟಿಲು.

ಸೇತುವೆಯಾಚೆಯ ಊರಿನಿಂದ ವಾಮನಮೂರ್ತಿ ಪ್ರತಿ ಭಾನುವಾರ ಅಲ್ಲಿಗೆ ಬರುತ್ತಿದ್ದ. ಭೂಮಾಪನ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತನಾದವನು. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಹಾಳೆ ಹರಿದು ಮತ್ತೆ ಬರೆಯುವ ಮನುಷ್ಯ.

ಆ ಭಾನುವಾರ ಅವನ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು.

"ಗುರುಗಳೇ, ಒಂದು ಸಣ್ಣ ವಿಷಯ. ಕೇಳಬಹುದೋ ಬಾರದೋ ಗೊತ್ತಿಲ್ಲ."

"ಕೇಳು."

"ಮನೆಗೆ ಕಾಫಿಬೀಜ ಪುಡಿ ಮಾಡೋ ಗ್ರೈಂಡರ್ ತಗೋಬೇಕು. ಯಾವುದು ತಗೊಳ್ಳಲಿ?"

ನಿಜಗುಣಯ್ಯನವರು ಇದ್ದಿಲ ಒಲೆಯ ಮುಂದೆ ಕೂತಿದ್ದರು. ಒಲೆ ಇನ್ನೂ ಸರಿಯಾಗಿ ಹತ್ತಿರಲಿಲ್ಲ. "ಯಾಕೆ ಬೇಕು?" ಎಂದರು.

ವಾಮನಮೂರ್ತಿ ಹೇಳಿದ. ಹೆಂಡತಿ ಕಾತ್ಯಾಯಿನಿಗೆ ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದಿತ್ತು. ನಡಿಗೆ ಬಂತು, ಮಾತು ಬಂತು. ಬಲಗೈ ಬರಲಿಲ್ಲ. ಮದುವೆಯಾಗಿ ಬಂದ ದಿನದಿಂದಲೂ ಅವಳು ಬೆಳಗ್ಗೆ ಎದ್ದು ಕೈಮಿಲ್ಲಿನಲ್ಲಿ ಬೀಜ ಬೀಸಿ ಕಾಫಿ ಮಾಡುತ್ತಿದ್ದವಳು. ಈಗ ಅಂಗಡಿಯ ಪುಡಿ ತಂದು ಅವನೇ ಮಾಡುತ್ತಾನೆ.

"ಎರಡು ಗುಟುಕು ಕುಡಿದು ಲೋಟ ಇಟ್ಟುಬಿಡ್ತಾಳೆ. ಯಾಕೆ ಅಂದರೆ ಸಾಕು ಅಂತಾಳೆ. ಪುಡಿ ಹಳೇದು, ಘಮ ಇಲ್ಲ, ಅದಕ್ಕೇ ಸೇರ್ತಿಲ್ಲ. ಆವಾಗಲೇ ಬೀಸಿದ ಪುಡಿ ಆದರೆ ಕುಡಿದಾಳು."

"ಹಳೇ ಮಿಲ್ಲು ಏನಾಯಿತು?"

"ಆಸ್ಪತ್ರೆಯಿಂದ ಬಂದ ವಾರವೇ ಗುಜರಿಯವನಿಗೆ ಕೊಟ್ಟುಬಿಟ್ಟೆ. ಕಣ್ಣಿಗೆ ಬಿದ್ದರೆ ಅವಳಿಗೆ ಸಂಕಟ ಆಗುತ್ತೆ ಅಂತ."

ಗುರುಗಳು ಒಲೆಗೆ ಇನ್ನೆರಡು ಇದ್ದಿಲು ಹಾಕಿದರು.

ವಾಮನಮೂರ್ತಿ ನೋಟ್‌ಬುಕ್ ತೆರೆದ. "ಬ್ಲೇಡಿನದು ಅಗ್ಗ. ಆದರೆ ಅದು ಬೀಜ ಬೀಸೋದಿಲ್ಲ, ಕತ್ತರಿಸುತ್ತೆ. ಅರ್ಧ ಹಿಟ್ಟು, ಅರ್ಧ ನುಚ್ಚು. ಹಲ್ಲಿನ ಚಕ್ರ ಇರೋದು ಒಂದೇ ಸಮ ಬೀಸುತ್ತೆ. ಅದರಲ್ಲೂ ಎರಡು ಬಗೆ. ಸದ್ದೆಷ್ಟು, ಬಿಸಿಯೆಷ್ಟು, ತೊಳೆಯೋದು ಹೇಗೆ, ಎಲ್ಲ ಬರೆದಿದ್ದೀನಿ. ನಲವತ್ತು ಪುಟ ಆಯಿತು."

"ಇದರಲ್ಲಿ ಕಾತ್ಯಾಯಿನಿ ಹೇಳಿದ್ದು ಯಾವ ಪುಟದಲ್ಲಿದೆ?"

"ಅವಳನ್ನ ಕೇಳಿಲ್ಲ. ಸುಮ್ಮನೆ ಅವಳಿಗೆ ಯಾಕೆ ತೊಂದರೆ?"

ಗುರುಗಳು ಕೈ ಚಾಚಿದರು. ವಾಮನಮೂರ್ತಿ ನೋಟ್‌ಬುಕ್ ಕೊಟ್ಟ. ಅವರು ಅದನ್ನು ಮಡಚಿ ಹಿಡಿದು ಒಲೆಗೆ ಗಾಳಿ ಹಾಕತೊಡಗಿದರು. ಇದ್ದಿಲು ಕೆಂಪಗಾಯಿತು. ನೋಟ್‌ಬುಕ್ ವಾಪಸು ಕೊಟ್ಟರು.

"ಒಳ್ಳೇ ಪುಸ್ತಕ" ಎಂದರು.

ವಾಮನಮೂರ್ತಿಗೆ ಅರ್ಥವಾಗಲಿಲ್ಲ. ಮರುದಿನ ಪೇಟೆಗೆ ಹೋಗಿ, ನೋಟ್‌ಬುಕ್ಕಿನ ಮೂವತ್ತೆಂಟನೇ ಪುಟದಲ್ಲಿದ್ದ ಹಲ್ಲುಚಕ್ರದ ಕರೆಂಟಿನ ಗ್ರೈಂಡರ್ ಕೊಂಡು ತಂದ.

ಮುಂದಿನ ಭಾನುವಾರ ಮೋರೆ ಸಪ್ಪೆಯಾಗಿತ್ತು.

"ಪುಡಿ ರವೆಯ ಹಾಗೆ ಒಂದೇ ಸಮ ಬರುತ್ತೆ ಗುರುಗಳೇ. ಡಿಕಾಕ್ಷನ್ ಜೇನಿನ ಹಾಗೆ ಇಳಿಯುತ್ತೆ. ಬೀದಿಗೆಲ್ಲ ಘಮ. ಅವಳು ಮಾತ್ರ ಅದೇ ಎರಡು ಗುಟುಕು."

"ಬೀಜ ಹಾಕಿದ್ದು ಯಾರು?"

"ನಾನೇ."

"ಸ್ವಿಚ್ ಒತ್ತಿದ್ದು?"

"ನಾನೇ."

"ಆಗ ಅವರೇನು ಮಾಡ್ತಿದ್ದರು?"

ವಾಮನಮೂರ್ತಿ ನೆನಪಿಸಿಕೊಂಡ. "ಕುರ್ಚಿ ಮೇಲೆ ಕೂತಿದ್ದಳು. ನಾನೇ ಕೂರಿಸಿದ್ದೆ. ಸದ್ದು ಶುರುವಾದಾಗ ಎದ್ದು ಹಿತ್ತಲ ಕಡೆ ಹೋದಳು."

"ನಾಳೆ ಅವರನ್ನ ಅಂಗಡಿಗೆ ಕರಕೊಂಡು ಹೋಗು. ತಮಗೆ ಬೇಕಾದ್ದನ್ನ ಅವರೇ ಆರಿಸಲಿ."

"ಅವಳಿಗೆ ಕೈ..."

"ಅಂಗಡಿಯಿಂದ ಹೊರಗೆ ಬರೋವರೆಗೆ ನಿನ್ನ ಎರಡೂ ಕೈ ಬೆನ್ನ ಹಿಂದೆ ಇರಲಿ."

ಅಷ್ಟು ಹೇಳಿ ಗುರುಗಳು ಸ್ನಾನಕ್ಕೆ ಮೆಟ್ಟಿಲಿಳಿದು ಹೋದರು.

ಸೋಮವಾರ ಇಬ್ಬರೂ ಪಾತ್ರೆಯಂಗಡಿಗೆ ಹೋದರು. ಅಂಗಡಿಯವನು ಮೂರು ಕೈಮಿಲ್ಲು ತಂದು, ಬೀಸಿ ನೋಡಲು ಒಂದೊಂದಕ್ಕೂ ಚೂರು ಬೀಜ ಹಾಕಿ ಮೇಜಿನ ಮೇಲಿಟ್ಟ. ವಾಮನಮೂರ್ತಿ ಕೈ ಹಿಂದೆ ಕಟ್ಟಿ ನಿಂತ.

ಮೊದಲನೆಯದು ಮರದ ಪೆಟ್ಟಿಗೆ. ಕಾತ್ಯಾಯಿನಿ ಎಡಗೈಯಲ್ಲಿ ಹಿಡಿ ತಿರುಗಿಸಿದಳು. ಪೆಟ್ಟಿಗೆಯೇ ಗಿರಕಿ ಹೊಡೆಯಿತು. "ಇದನ್ನ ಒಂದು ಕೈ ಅದುಮಿ ಹಿಡೀಬೇಕು. ಬೇಡ" ಎಂದಳು.

ಎರಡನೆಯದು ಉದ್ದನೆಯ ಉಕ್ಕಿನ ಕೊಳವೆ. ಸ್ಟೂಲಿನ ಮೇಲೆ ಕೂತು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಳು. ಅದು ಜಾರಿ ನೆಲಕ್ಕೆ ಬಿತ್ತು. ಬೀಜ ಅಂಗಡಿ ತುಂಬ ಉರುಳಿದವು. ವಾಮನಮೂರ್ತಿಯ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹಿಂಡಿದವು.

"ಸಾರ್, ಅಮ್ಮನಿಗೆ ಯಾಕೆ ಕಷ್ಟ ಕೊಡ್ತೀರಿ? ಕರೆಂಟಿನದು ತಗೊಂಡುಹೋಗಿ" ಎಂದ ಅಂಗಡಿಯವನು.

"ತಗೋತಿರೋದು ನಾನು. ನನ್ನ ಹತ್ತಿರ ಮಾತಾಡಿ" ಎಂದಳು ಕಾತ್ಯಾಯಿನಿ.

ಮೂರನೆಯದು ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯುವ ಎರಕದ ಕಬ್ಬಿಣದ ಮಿಲ್ಲು. ಅಂಗಡಿಯವನಿಗೆ ಹೇಳಿ ಎಡಗಡೆಯ ಅಂಚಿಗೆ ಬಿಗಿಸಿದಳು. ಹಿಡಿ ತಿರುಗಿಸಿದಳು. ಅರ್ಧ ಸುತ್ತು ಬಂದು ನಿಂತಿತು.

"ಇದಕ್ಕಿಂತ ಉದ್ದದ ಹಿಡಿ ಇದೆಯಾ?"

"ಇದೆ, ಹೋಟೆಲಿನವರು ತಗೊಳ್ಳೋ ಮಿಲ್ಲಿಂದು."

"ಅದನ್ನ ಇದಕ್ಕೆ ಹಾಕಿ. ಹಿಡಿ ಉದ್ದ ಇದ್ದರೆ ಬಲ ಕಮ್ಮಿ ಸಾಕು."

ಹಾಕಿದ. ಈ ಸಲ ಹಿಡಿ ಸುತ್ತಿತು. ನಿಧಾನವಾಗಿ, ಕಟಕಟ ಎನ್ನುತ್ತ ಪುಡಿ ಕೆಳಗಿಳಿಯಿತು. ಕಾತ್ಯಾಯಿನಿ ಚಿಟಿಕೆ ಪುಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು. ಮೂಸಿದಳು.

"ಇದೇ ಇರಲಿ."

ಹಿಡಿಯ ಉದ್ದದ ಮಾತು ತನ್ನ ನಲವತ್ತು ಪುಟದಲ್ಲಿ ಎಲ್ಲೂ ಇಲ್ಲವೆಂದು ವಾಮನಮೂರ್ತಿಗೆ ಆಗ ಹೊಳೆಯಿತು.

ಮೂರನೆಯ ಭಾನುವಾರ ಅವನು ಲವಲವಿಕೆಯಿಂದ ಬಂದ.

"ಈಗ ಅವಳೇ ಬೀಸಿ ಕಾಫಿ ಮಾಡ್ತಾಳೆ ಗುರುಗಳೇ. ಆರೂವರೆಗೆ ಬರ್ತಿದ್ದ ಕಾಫಿ ಈಗ ಒಂಬತ್ತಕ್ಕೆ ಬರುತ್ತೆ. ಬೀಸೋದಕ್ಕೇ ಮುಕ್ಕಾಲು ಗಂಟೆ. ಅರ್ಧ ಬೀಜ ಒಡೆದಿರೋದೇ ಇಲ್ಲ. ಬಿಸಿನೀರು ಹಾಕಿದರೆ ಜರಡಿಯಲ್ಲಿ ಇಳಿದ ಹಾಗೆ ಇಳಿದುಬಿಡುತ್ತೆ. ಡಿಕಾಕ್ಷನ್ ಅಲ್ಲ, ಬಣ್ಣದ ನೀರು."

"ಅವರು ಕುಡಿದರಾ?"

"ಅರ್ಧ ಲೋಟ."

"ನೀನು?"

"ಪೂರ್ತಿ ಕುಡಿದೆ. ತುಂಬ ಚೆನ್ನಾಗಿದೆ ಅಂದೆ."

ಗುರುಗಳು ಅವನ ಮುಖವನ್ನೇ ನೋಡಿದರು. "ಸುಳ್ಳು ಯಾಕೆ ಹೇಳಿದೆ?"

"ಅಷ್ಟು ಕಷ್ಟಪಟ್ಟು ಮಾಡಿದ್ದಾಳೆ. ಮನಸ್ಸು ನೋಯಿಸೋದು ಹೇಗೆ?"

"ಮೊದಲು ಕೆಟ್ಟದಾದಾಗ ಏನನ್ನುತ್ತಿದ್ದೆ?"

ವಾಮನಮೂರ್ತಿ ನಕ್ಕುಬಿಟ್ಟ. "ಇದೇನೇ ಇದು, ಕಲಗಚ್ಚು ಅಂತಿದ್ದೆ. ಬೇಕಾದರೆ ಕುಡೀರಿ, ಇಲ್ಲದಿದ್ದರೆ ಹೋಟೆಲಿಗೆ ಹೋಗಿ ಅಂತಿದ್ದಳು."

"ಇಷ್ಟು ವರ್ಷ ಕಾಫಿ ಮಾಡಿದವರಿಗೆ ತಾವು ಮಾಡಿದ್ದು ನೀರು ಅಂತ ಗೊತ್ತಾಗೋದಿಲ್ಲವಾ?"

ನಗು ನಿಂತಿತು.

"ನಾಳೆ ಹೇಳು" ಎಂದರು ಗುರುಗಳು.

"ಮುಖದ ಮೇಲೆ?"

"ಮತ್ತೆಲ್ಲಿ?"

ಆ ವಾರ ವಾಮನಮೂರ್ತಿ ಭಾನುವಾರದವರೆಗೆ ಕಾಯಲಿಲ್ಲ. ಬುಧವಾರವೇ ಬಂದ. ಗುರುಗಳು ಅಂಗಳದಲ್ಲಿ ಹುರುಳಿ ಹರಡುತ್ತಿದ್ದರು. ಅವನು ಅವರೆದುರು ಕುಕ್ಕರಗಾಲಲ್ಲಿ ಕೂತ.

"ಸೋಮವಾರ ಧೈರ್ಯ ಬರಲಿಲ್ಲ. ನೆನ್ನೆ ಹೇಳಿದೆ. ಕಾಫಿ ನೀರು ನೀರಾಗಿದೆ ಕಾತ್ಯಾಯಿನಿ ಅಂದೆ."

"ಏನಂದರು?"

"ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು."

"ಆಮೇಲೆ?"

"ನನಗೆ ಜೀವವೇ ಹೋದ ಹಾಗಾಯಿತು. ತಪ್ಪಾಯಿತು, ಚೆನ್ನಾಗೇ ಇದೆ ಅಂದೆ. ಸುಮ್ಮನಿರಿ ಅಂತ ಗದರಿದಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: ನಾಲ್ಕು ತಿಂಗಳಿಂದ ನೀವು ನನ್ನ ಒಂದು ಮಾತಿಗೂ ಇಲ್ಲ ಅಂದಿಲ್ಲ. ಒಂದು ಸಲವೂ ರೇಗಿಲ್ಲ. ನಾನು ಮುಟ್ಟೋದಕ್ಕೆ ಮುಂಚೆಯೇ ಮಿಲ್ಲು ಗುಜರಿಗೆ ಹಾಕಿದಿರಿ. ನಾನು ಹೆಚ್ಚು ದಿನ ಉಳಿಯೋದಿಲ್ಲ ಅಂತ ಡಾಕ್ಟರು ನಿಮಗೆ ಹೇಳಿದ್ದಾರೆ, ನೀವು ಮುಚ್ಚಿಡ್ತಿದ್ದೀರಿ ಅಂದುಕೊಂಡಿದ್ದೆ. ನೀವು ಕೊಟ್ಟ ಕಾಫಿ ಗಂಟಲಲ್ಲಿ ಇಳೀತಿರಲಿಲ್ಲ."

ವಾಮನಮೂರ್ತಿ ಒಂದು ಹುರುಳಿ ಕಾಳು ಎತ್ತಿ ಮತ್ತೆ ಅಲ್ಲೇ ಇಟ್ಟ.

"ಡಾಕ್ಟರ ಚೀಟಿ ತೆಗೆದು ಮೊದಲಿಂದ ಕೊನೇವರೆಗೆ ಓದಿದೆ. ಜೀವಕ್ಕೆ ಅಪಾಯ ಇಲ್ಲ ಅನ್ನೋದು, ಬಲಗೈ ಪೂರ್ತಿ ಬರೋದು ಅನುಮಾನ ಅನ್ನೋದು, ಎಲ್ಲ. ಎಲ್ಲ ಸರಿಹೋಗುತ್ತೆ ಅಂತಷ್ಟೇ ಇಷ್ಟು ದಿನ ಹೇಳಿದ್ದೆ. ಕೇಳಿಸಿಕೊಂಡು, ಅಷ್ಟೇನಾ ಅಂದಳು. ಎದ್ದು ಹೋಗಿ, ಪುಡಿ ನುಣ್ಣಗಾಗಲಿ ಅಂತ ಮಿಲ್ಲಿನ ಹಲ್ಲಿನ ತಿರುಪು ಬಿಗಿ ಮಾಡಿದಳು."

"ಇವತ್ತು?"

"ಇವತ್ತು ಹತ್ತು ಗಂಟೆಗೆ ಕಾಫಿ. ಲೋಟ ಖಾಲಿ ಮಾಡಿದಳು. ತಳದಲ್ಲಿದ್ದ ನೊರೆಯನ್ನೂ ಬಿಡಲಿಲ್ಲ."

"ಹೇಗಿತ್ತು?"

"ತಿರುಪು ಜಾಸ್ತಿ ಬಿಗಿಯಾಗಿತ್ತು. ಪುಡಿ ಹಿಟ್ಟಿನ ಹಾಗೆ ನುಣ್ಣಗಾಗಿ ಡಿಕಾಕ್ಷನ್ ಇಳಿಯಲೇ ಇಲ್ಲ. ಇಳಿದದ್ದೂ ಕಹಿ."

"ಹೇಳಿದೆಯಾ?"

"ಹೇಳಿದೆ. ಕೈ ನೋಯ್ತಿದೆ, ನಾಳೆ ನಿಮಗೆ ಬೀಸೋದು ಹೇಳಿಕೊಡ್ತೀನಿ, ಹುರಿದ ಬೀಜ ಮುಗೀತು, ಮಧ್ಯಾಹ್ನದೊಳಗೆ ತಂದಿಡಿ ಅಂದಳು."

ನಿಜಗುಣಯ್ಯನವರು ಹುರುಳಿಯ ಮೇಲೆ ಬಗ್ಗಿ ಒಂದು ಕಲ್ಲು ಆರಿಸಿ ಆಚೆ ಎಸೆದರು. ಆಮೇಲೆ ತಲೆಯೆತ್ತಿ ಬಿಸಿಲು ನೋಡಿದರು.

"ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?"