ಒಂದು ಹಿಡಿ, ಒಂದು ಮೊರ

ಇದರ ಬಗ್ಗೆ ಎಲ್ಲೂ ಬಾಯಿ ಬಿಡಬಾರದು ಅಂತ ಅತ್ತೆ ಆಣೆ ಹಾಕಿಸಿದ್ದಾರೆ. ಆದ್ರೂ ಹೇಳಿಬಿಡ್ತೀನಿ.

ಅತ್ತೆ ಚೆನ್ನಾಜಮ್ಮ ಕ್ಲಬ್ಬಲ್ಲಿ ಅಡುಗೆ ಮಾಡ್ಕೊಂಡು ಅಲ್ಲೇ ಹಿಂದಿನ ರೂಮಲ್ಲಿದ್ರು. ಕ್ಲಬ್ಬಿನ ಅಧ್ಯಕ್ಷರು ಕರಿಬಸಪ್ಪನೋರ ಕಣ್ಣು ಆ ರೂಮಿನ ಮೇಲೆ ಬಿತ್ತು.

"ಚೆನ್ನಾಜಿ, ನನ್ನ ಜೊತೆ ಪೋಕರ್ ಆಡು. ಗೆದ್ರೆ ರೂಮು ನಿನ್ದು, ಸೋತ್ರೆ ಖಾಲಿ ಮಾಡು."

ಪಣಕ್ಕೆ ದುಡ್ಡಿನ ಬದಲು ಹುಣಸೆ ಬೀಜ; ಬೀಜ ಪೂರ್ತಿ ಖಾಲಿಯಾದೋರು ಸೋತಂಗೆ. ಅಧ್ಯಕ್ಷರು ತಮಗೆ ಒಂದು ಮೊರದ ತುಂಬ ಇಟ್ಕೊಂಡು, ಅತ್ತೆಗೆ ಒಂದೇ ಹಿಡಿ ಕೊಟ್ರು.

ಇಸ್ಪೀಟೆಲೆ ಹಂಚಿದ ತಕ್ಷಣ ಅಧ್ಯಕ್ಷರು ಮೊರಾನೇ ಪಣಕ್ಕೆ ಅಂತ ಮುಂದಕ್ಕೆ ತಳ್ಳಿದ್ರು. "ಹೆದರ್ಕೊಂಡ್ಯಾ?"

ಅತ್ತೆ ಮೊದಲೇ ಕಟ್ಟಿದ್ದ ಒಂದು ಬೀಜ ಕಳ್ಕೊಂಡು, ಎಲೆ ಕವುಚಿಟ್ಟು ಆ ಆಟ ಬಿಟ್ರು. ಮುಂದಿನ ಸಲಾನೂ ಹಾಗೇ. ಆಮೇಲೆ ಅತ್ತೆಗೆ ಎರಡು ರಾಜ ಬಂದ್ವು. ಅತ್ತೆ ಹಿಡೀನ ಪೂರ್ತಿ ಇಟ್ರು. ಅಧ್ಯಕ್ಷರು ಮತ್ತೆ ತಳ್ಳಿದ್ದ ಬೀಜದಲ್ಲಿ ಅಷ್ಟೇ ಉಳಿಸಿ, ಮಿಕ್ಕಿದ್ದನ್ನ ಸೌಟಲ್ಲಿ ಬಾಚಿ ಅವರ ಕಡೆಗೇ ವಾಪಸ್ ಹಾಕಿದ್ರು.

"ಏನೇ ಅದು?"

"ನನ್ನ ಹತ್ರ ಇರೋದಿಷ್ಟೇ ಸ್ವಾಮಿ. ನಿಮ್ದ್ರಲ್ಲೂ ಇಷ್ಟೇ ಆಟಕ್ಕೆ ಬರೋದು. ಮಿಕ್ಕಿದ್ದು ನೋಡೋಕೆ ಚೆನ್ನಾಗಿದೆ."

ಆ ಆಟ ಅತ್ತೆ ಗೆದ್ರು. ಹಿಡಿ ಎರಡಾಯ್ತು, ಎರಡು ನಾಲ್ಕಾಯ್ತು. ಎಂಥ ಎಲೆ ಬಂದ್ರೂ ಅಧ್ಯಕ್ಷರು ಮೊರ ತಳ್ಳೋದು ಬಿಡ್ಲಿಲ್ಲ, ಅತ್ತೆ ಒಳ್ಳೆ ಎಲೆಗೆ ಕಾಯೋದು ಬಿಡ್ಲಿಲ್ಲ. ಕಾಫಿ ಹೊತ್ತಿಗೆ ಮೊರ ಬರಿದಾಯ್ತು.

ಅತ್ತೆ ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ರು.

ಅಧ್ಯಕ್ಷರು ಓಡಿ ಬಂದು ಬಾಗಿಲು ಬಡಿದ್ರು. "ಇನ್ನೊಂದಾಟ! ಮೊರ ನೀನೇ ಇಟ್ಕೋ, ಆ ಹಿಡಿ ನಂಗೆ ಕೊಡು! ಚೆನ್ನಾಜಿ... ಚೆನ್ನಾಜಮ್ಮಾ... ಚೆನ್ನಾಜಮ್ಮನೋರೇ!"