ನರಿ ಕಚ್ಚಿಕೊಟ್ಟ ಆಟ

ಒಂದು ಕಾಡಿನಲ್ಲಿ ಮರಿಗಳು ಯಾವ ಹೊಸ ಹಣ್ಣನ್ನೂ ತಾವೇ ಮೊದಲು ತಿನ್ನುತ್ತಿರಲಿಲ್ಲ. ದೊಡ್ಡ ಪ್ರಾಣಿಯೊಂದು ಅದನ್ನು ಕಚ್ಚಿ, ಹೊತ್ತು ನೆತ್ತಿಗೆ ಬರುವವರೆಗೆ ಕಾಯುತ್ತಿತ್ತು. ಹೊಟ್ಟೆ ನೋಯದಿದ್ದರೆ ಹಣ್ಣು ಮರಿಗಳಿಗೆ ಸಿಗುತ್ತಿತ್ತು. ಹಲ್ಲಿನ ಗುರುತು ಇದ್ದರೆ ಭಯವಿಲ್ಲ ಎಂದು ಎಲ್ಲರೂ ನಂಬಿದ್ದರು. ಯಾರಿಗಾದರೂ ಅನುಮಾನ ಬಂದರೆ, ಕಚ್ಚಿದ ಪ್ರಾಣಿ ಆ ಹಣ್ಣನ್ನು ಎಲ್ಲರೆದುರು ಪೂರ್ತಿ ತಿಂದು ತೋರಿಸಬೇಕಿತ್ತು. ಹಾಗೆ ತೋರಿಸುವ ಪ್ರಸಂಗ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಆ ಕಾಡಿನ ಹೊನ್ನೆ ಮರದಲ್ಲಿ ಒಂದು ಕೆಂದಳಿಲು ತನ್ನ ಮಗಳು ಚಿಟಕಿಯ ಜೊತೆ ವಾಸವಾಗಿತ್ತು. ಕೆಂದಳಿಲುಗಳು ಗುಂಪು ಕಟ್ಟುವುದಿಲ್ಲ. ಪಕ್ಕದ ಮರದಲ್ಲಿ ನೆಂಟರಿಲ್ಲ, ಬಂದು ಮಾತಾಡಿಸುವವರೂ ಇಲ್ಲ. ತಾಯಿಗೆ ಇದ್ದದ್ದು ಚಿಟಕಿಯ ಹರಟೆ ಒಂದೇ. ಮಲಗುವಾಗ ಚಿಟಕಿ ಅಮ್ಮನ ಕೆಂಪು ಬಾಲವನ್ನು ಕಂಬಳಿಯಂತೆ ಹೊದ್ದು, ನಿದ್ದೆ ಬರುವವರೆಗೂ ಮಾತಾಡುತ್ತಿತ್ತು.

ಕಾಡಿನ ಅಂಚಿನಲ್ಲಿ ಪ್ರವಾಸಿಗರು ಬಿಟ್ಟುಹೋದ ಒಂದು ಬಂಗಲೆ ಇತ್ತು. ಒಳಗೆ ಒಂದು ಟಿ.ವಿ., ವಿಡಿಯೋ ಗೇಮ್ ಆಡುವ ಪೆಟ್ಟಿಗೆ ಮತ್ತು ಹತ್ತಾರು ಆಟಗಳು ಬಿದ್ದಿದ್ದವು. ಸೂರಿನ ಮೇಲೆ ಸೋಲಾರ್ ಹಲಗೆ ಇದ್ದುದರಿಂದ ಬಿಸಿಲಿದ್ದಷ್ಟು ಹೊತ್ತು ಟಿ.ವಿ. ಓಡುತ್ತಿತ್ತು. ಇದನ್ನು ಕಂಡುಹಿಡಿದದ್ದು ಒಂದು ಗುಳ್ಳೆನರಿ. ಆಡಲು ಬರುವ ಮರಿ ಒಂದು ಹಣ್ಣು ತರಬೇಕು ಎಂದು ಅದು ಡಂಗುರ ಸಾರಿತು.

"ಯಾವ ಆಟ ಮಕ್ಕಳಿಗೆ ಆಗುತ್ತೆ, ಯಾವುದು ಆಗಲ್ಲ ಅಂತ ಯಾರು ನೋಡ್ತಾರೆ?" ಎಂದು ಕಡವೆ ಕೇಳಿತು.

"ನಾನಿಲ್ವಾ ಅಕ್ಕಾ? ಒಂದೊಂದನ್ನೂ ಕಚ್ಚಿ ನೋಡಿಯೇ ಕೊಡ್ತೀನಿ," ಎಂದಿತು ನರಿ.

ಮಾತು ತಪ್ಪಲಿಲ್ಲ ಮಹಾರಾಯ. ಪ್ರತಿ ಆಟದ ಡಬ್ಬಿಯ ಮೂಲೆಯನ್ನೂ ಕಚ್ಚಿತು. ಯಾವ ವಯಸ್ಸಿನವರು ಆಡಬಹುದು ಎಂದು ಮನುಷ್ಯರು ಅಚ್ಚು ಹಾಕಿದ್ದ ಮೂಲೆ ಅದು. ಆ ಚೂರನ್ನು ನರಿ ಪೊದೆಗೆ ಉಗುಳಿತು. ಉಳಿದವರಿಗೆ ಕಂಡದ್ದು ಹಲ್ಲಿನ ಗುರುತು ಮಾತ್ರ. ಎಲ್ಲರೂ ನೆಮ್ಮದಿಯಿಂದ ಮೇಯಲು ಹೋದರು. ಕೆಂದಳಿಲೂ ಚಿಟಕಿಯ ಕೈಗೆ ಒಂದು ನೇರಳೆ ಹಣ್ಣು ಕೊಟ್ಟು ಕಳಿಸಿತು.

ಕೆಲವು ದಿನಗಳಲ್ಲಿ ಚಿಟಕಿಯ ಹರಟೆ ನಿಂತುಹೋಯಿತು. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಮಲಗುವಾಗ ಅದು ಕೊಂಬೆಯ ಇನ್ನೊಂದು ತುದಿಗೆ ಹೋಗಿ ಮುದುಡಿಕೊಳ್ಳುತ್ತಿತ್ತು. ತಾಯಿ ಬಾಲ ಚಾಚಿದರೆ ಇನ್ನೂ ದೂರ ಸರಿಯುತ್ತಿತ್ತು. ಒಂದೇ ಮರದಲ್ಲಿ ಮಗಳಿದ್ದೂ ತಾಯಿ ಒಂಟಿಯಾಯಿತು. ಮಗಳು ಹುಟ್ಟುವ ಮೊದಲು ಒಂಟಿಯಾಗಿದ್ದಾಗ ಅದಕ್ಕೆ ಇಷ್ಟು ನೋವಾಗಿರಲಿಲ್ಲ.

ಅದು ಕಡವೆಯ ಹತ್ತಿರ ಹೋಗಿ ಹೇಳಿಕೊಂಡಿತು. "ನಿನ್ನ ಮಗಳು ಸ್ವಲ್ಪ ಪುಕ್ಕಲು ಬಿಡು. ನರಿ ಕಚ್ಚಿ ನೋಡಿದೆಯಲ್ಲ," ಎಂದು ಕಡವೆ ಮೇಯಲು ತಿರುಗಿತು.

ಒಂದು ಮಧ್ಯಾಹ್ನ ಮರಿಗಳೆಲ್ಲ ನೀರು ಕುಡಿಯಲು ಹೊಳೆಗೆ ಹೋಗಿದ್ದವು. ನರಿ ಜಗಲಿಯಲ್ಲಿ ತೂಕಡಿಸುತ್ತಿತ್ತು. ಕೆಂದಳಿಲು ಕಿಟಕಿಯಿಂದ ಒಳಗೆ ಇಳಿದು, ಚಿಟಕಿ ಆಡುತ್ತಿದ್ದ 'ಹಸಿರು ಕಾಡು' ಎಂಬ ಆಟಕ್ಕೆ ಕೂತಿತು. ಹೆಸರೇನೋ ಚೆನ್ನಾಗಿತ್ತು. ಟಿ.ವಿ.ಯಲ್ಲಿ ಒಂದು ಕೋವಿ ಕಾಣಿಸಿತು. ಆಮೇಲೆ ಒಂದು ಮರ, ಮರದಲ್ಲಿ ಗೂಡು, ಗೂಡಿನಿಂದ ಇಳಿಬಿದ್ದ ಕೆಂಪು ಬಾಲ. "ಹೊಡಿ," ಎಂದಿತು ಪೆಟ್ಟಿಗೆ.

ಕೆಂದಳಿಲು ಗುಂಡಿ ಒತ್ತಲಿಲ್ಲ. ಚಿತ್ರ ಹಾಗೆಯೇ ನಿಂತಿತು.

"ಅದನ್ನ ಹೊಡೀದೆ ಇದ್ರೆ ಆಟ ಮುಂದೆ ಹೋಗಲ್ಲ ಅಮ್ಮ." ಹೊಳೆಯಿಂದ ಹಿಂತಿರುಗಿದ ಚಿಟಕಿ ಬಾಗಿಲಲ್ಲಿ ನಿಂತಿತ್ತು.

"ನೀನು ಹೊಡೆದೆಯಾ?"

"ತುಂಬಾ ಸಲ. ಅದರ ಬಾಲ ನಿನ್ನ ಬಾಲದ ಥರಾನೇ ಇದೆ. ಅದಕ್ಕೇ ನಿನ್ನ ಹತ್ರ ಬಂದು ಮಲಗೋಕೆ ಆಗ್ತಿಲ್ಲ."

ತಾಯಿಗೆ ದುಃಖ ಉಕ್ಕಿ ಬಂತು. ನರಿಯ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ನೇರಳೆ ಹಣ್ಣು ಕೊಟ್ಟು ಕಳಿಸಿದ್ದು ತಾನೇ ಅಲ್ಲವೇ?

ಮರುದಿನ ಅದು ಎಲ್ಲ ಪ್ರಾಣಿಗಳನ್ನೂ ಬಂಗಲೆಗೆ ಕರೆಯಿತು. ಆಟದ ಡಬ್ಬಿಯನ್ನು ನರಿಯ ಮುಂದಿಟ್ಟಿತು.

"ಇದು ನಿನ್ನ ಹಲ್ಲೇ ತಾನೆ ನರಿಯಣ್ಣ?"

"ನನ್ನದೇ. ಯಾಕೆ?"

"ಹಾಗಾದ್ರೆ ಪೂರ್ತಿ ತಿಂದು ತೋರಿಸು."

"ಆಟಾನ ಯಾರಾದ್ರೂ ತಿಂತಾರಾ?" ಎಂದು ನರಿ ನಕ್ಕಿತು.

"ಆಡಿ ತೋರಿಸು. ಕೊನೇವರೆಗೂ."

ಕಾಡಿನ ಕಟ್ಟಳೆಗೆ ಎದುರು ಹೇಳುವಂತಿರಲಿಲ್ಲ. ನರಿ ಕೂತಿತು. ಕೆಂಪು ಬಾಲವನ್ನು ಹೊಡೆಯಿತು. ಆಟದಲ್ಲಿ ಬಂದ ಕಡವೆ ಮರಿಯನ್ನು ಹೊಡೆಯಿತು. ನೋಡುತ್ತಿದ್ದ ಕಡವೆ ಮುಖ ತಿರುಗಿಸಿತು. ಆಮೇಲೆ ಟಿ.ವಿ.ಯಲ್ಲಿ ಒಂದು ಬಿಲ ಕಾಣಿಸಿತು. ಬಿಲದಿಂದ ಎರಡು ನರಿಮರಿಗಳು ಇಣುಕಿದವು. "ಹೊಡಿ," ಎಂದಿತು ಪೆಟ್ಟಿಗೆ.

ಅದೇ ಹೊತ್ತಿಗೆ ಕಿಟಕಿಯಲ್ಲೂ ಎರಡು ತಲೆಗಳು ಕಂಡವು. ಅವು ನರಿಯ ಸ್ವಂತ ಮರಿಗಳು. ಬಂಗಲೆಯ ಹತ್ತಿರ ಸುಳಿಯಬಾರದೆಂದು ಅವಕ್ಕೆ ಅಪ್ಪನ ಆಜ್ಞೆಯಾಗಿತ್ತು. ಇವತ್ತು ಇಡೀ ಕಾಡೇ ಬಂದಿದ್ದರಿಂದ ಅವೂ ಬಂದಿದ್ದವು.

"ಅಪ್ಪ, ಅದು ನಾವಾ?" ಎಂದು ಚಿಕ್ಕದು ಕೇಳಿತು.

ನರಿ ಗುಂಡಿಯಿಂದ ಕೈ ತೆಗೆಯಿತು. "ಇದರಲ್ಲಿ ಹೀಗೆಲ್ಲ ಇದೆ ಅಂತ ನಂಗೆ ಗೊತ್ತಿರಲಿಲ್ಲ. ನಾನು ಕಚ್ಚಿದ್ದು ಡಬ್ಬಿ ಮಾತ್ರ," ಎಂದಿತು.

"ಗೊತ್ತಿಲ್ಲದಿದ್ರೆ ನಿನ್ನ ಮಕ್ಕಳನ್ನ ಯಾಕೆ ದೂರ ಇಟ್ಟಿದ್ದೆ?" ಎಂದು ಕೆಂದಳಿಲು ಕೇಳಿತು.

ಕಿಟಕಿಯ ತಲೆಗಳು ಮಾಯವಾದವು.

ಆಮೇಲೆ ದೊಡ್ಡ ಪ್ರಾಣಿಗಳೇ ಸರದಿಯಲ್ಲಿ ಕೂತು ಪ್ರತಿ ಆಟವನ್ನೂ ಕೊನೆಯವರೆಗೆ ಆಡಿದವು. ಕಡವೆ ದೋಣಿಯ ಆಟದಲ್ಲಿ ಹನ್ನೊಂದು ಸಲ ಮುಳುಗಿ, ಇದು ಮಕ್ಕಳಿಗೆ ಆಗುತ್ತೆ ಎಂದು ಒಪ್ಪಿಕೊಂಡಿತು. ಮೂರು ಆಟಗಳು ಉಳಿದವು, ಮಿಕ್ಕವು ಕಸದ ಗುಂಡಿಗೆ ಬಿದ್ದವು. ಚಿಟಕಿ ಒಮ್ಮೆಲೇ ಅಮ್ಮನ ಹತ್ತಿರ ಬರಲಿಲ್ಲ. ದಿನಕ್ಕೆ ಒಂದೊಂದು ಗೇಣು ಸರಿಯುತ್ತಾ, ಬಾಲದ ತುದಿ ಹೊದೆಯಲು ಅದಕ್ಕೆ ಎಂಟು ದಿನ ಬೇಕಾಯಿತು.

ಒಂದು ಬೆಳಿಗ್ಗೆ ಹೊನ್ನೆ ಮರದ ಕೆಳಗೆ ಎರಡು ನರಿಮರಿಗಳು ಒಂದು ಕಾಡುಹಣ್ಣು ಹಿಡಿದು ನಿಂತಿದ್ದವು. "ಅತ್ತೆ, ಇದನ್ನ ನೀವು ಕಚ್ಚಿ ಕೊಡ್ತೀರಾ?" ಎಂದು ಚಿಕ್ಕದು ಕೇಳಿತು.

"ನಿಮ್ಮಪ್ಪ ಕಚ್ಚಿ ಕೊಡಲಿಲ್ವಾ?"

"ಕೊಟ್ಟ. ನಮಗೆ ಧೈರ್ಯ ಬರ್ತಿಲ್ಲ."

ಹಣ್ಣಿನ ಮೇಲೆ ಆಗಲೇ ಹಲ್ಲಿನ ಗುರುತು ಇತ್ತು. ದೂರದ ಬಂಡೆಯ ಮೇಲೆ ನರಿ ಒಂದೇ ಕೂತು ಇತ್ತಲೇ ನೋಡುತ್ತಿತ್ತು. ಕೆಂದಳಿಲು ಇಳಿದು ಬಂದು, ಆ ಗುರುತಿನ ಪಕ್ಕದಲ್ಲೇ ಇನ್ನೊಂದು ಚೂರು ಕಚ್ಚಿತು. ಆಮೇಲೆ ಮರಿಗಳ ಜೊತೆ ಹೊತ್ತು ನೆತ್ತಿಗೆ ಬರುವವರೆಗೆ ಕಾಯಿತು.

ನೀತಿ: ಮಕ್ಕಳ ಕೈಗೆ ಕೊಡುವ ಆಟವನ್ನು ಮೊದಲು ನಾವೇ ಕೊನೆಯವರೆಗೆ ಆಡಿ ನೋಡಬೇಕು. ನಮ್ಮ ಮಕ್ಕಳಿಗೆ ಬೇಡವಾದದ್ದನ್ನು ಬೇರೆಯವರ ಮಕ್ಕಳಿಗೆ ಕೊಟ್ಟರೆ, ನಮ್ಮ ಮಕ್ಕಳೂ ನಮ್ಮನ್ನು ನಂಬುವುದಿಲ್ಲ.